ಬೆಕ್ಕಿನ ಒಸಡಿನ ಮೇಲೊಂದು ಬೆರಳು

ಮೇಜಿನ ಮೇಲೆ ಬೆಕ್ಕೊಂದು ಮಲಗಿದೆ. ಹೊಟ್ಟೆಯ ಕೂದಲು ಬೋಳಿಸಿ, ಮೈಮೇಲೆ ಹಸಿರು ಬಟ್ಟೆ ಹೊದಿಸಿದ್ದಾರೆ. ವೈದ್ಯರ ಕಣ್ಣೆಲ್ಲ ಬೆರಳಗಲದ ಕೊಯ್ತದ ಮೇಲೆ. ಹಾಗಾದರೆ ಬೆಕ್ಕು ಸರಿಯಾಗಿ ಉಸಿರಾಡುತ್ತಿದೆಯೇ ಎಂದು ನೋಡುವವರು ಯಾರು? ತಲೆಯ ಬದಿಯಲ್ಲಿ ಸ್ಟೂಲಿನ ಮೇಲೆ ಇನ್ನೊಬ್ಬರು ಕೂತಿದ್ದಾರೆ. ಐದು ನಿಮಿಷಕ್ಕೊಮ್ಮೆ ನಾಡಿ ಎಣಿಸುತ್ತಾರೆ, ಉಸಿರು ಎಣಿಸುತ್ತಾರೆ, ಹಾಳೆಯಲ್ಲಿ ಗುರುತು ಹಾಕುತ್ತಾರೆ. ತುಟಿ ಎತ್ತಿ ಒಸಡನ್ನು ಬೆರಳಿಂದ ಒತ್ತಿ ಬಿಡುತ್ತಾರೆ. ಬಿಳಿಚಿಕೊಂಡ ಆ ಜಾಗಕ್ಕೆ ಎರಡು ಸೆಕೆಂಡಿನೊಳಗೆ ರಕ್ತ ಮರಳಿ ಕೆಂಪೇರಬೇಕು. ದವಡೆ ಎಷ್ಟು ಸಡಿಲವಾಗಿದೆ, ಕಣ್ಣುಗುಡ್ಡೆ ಎತ್ತ ಹೊರಳಿದೆ, ಮೈ ತಣ್ಣಗಾಗುತ್ತಿದೆಯೇ, ಎಲ್ಲದರ ಮೇಲೂ ಅವರಿಗೆ ನಿಗಾ. ಅರಿವಳಿಕೆ ಹೆಚ್ಚಾಯಿತೆಂಬ ಅನುಮಾನ ಬಂದರೆ ವೈದ್ಯರನ್ನು ತಡೆದು ನಿಲ್ಲಿಸುವ ಮಾತು ಮೊದಲು ಬರುವುದು ಅವರ ಬಾಯಿಂದ.

ಬ್ರಿಟನ್ನಿನಲ್ಲಿ ಇವರಿಗೆ ವೆಟರಿನರಿ ನರ್ಸ್ ಎನ್ನುತ್ತಾರೆ. ನಮ್ಮ ಕಡೆ ಇದಕ್ಕೆ ಸರಿಸಾಟಿಯಾದ ಹೆಸರಿಲ್ಲ. ನಾನು ಚಿಕ್ಕವಳಿದ್ದಾಗ ದನದ ಆಸ್ಪತ್ರೆಯಲ್ಲಿ ಡಾಕ್ಟರ ಜೊತೆಗೊಬ್ಬ ಕಾಂಪೌಂಡರು ಇರುತ್ತಿದ್ದರು. ಆಸ್ಪತ್ರೆ ಮುಂದಿನ ಕಬ್ಬಿಣದ ಚೌಕಟ್ಟಿಗೆ ಹಸು ಹೊಗಿಸುವುದು, ಮೂಗುದಾರ ಹಿಡಿದು ತಲೆ ಎತ್ತಿಸುವುದು, ಗೊಟ್ಟದಲ್ಲಿ ಔಷಧಿ ಕುಡಿಸುವುದು, ಹುಣ್ಣು ತೊಳೆದು ಮುಲಾಮು ಹಚ್ಚುವುದು ಎಲ್ಲ ಅವರದೇ. ಊರವರು ಅವರನ್ನು ಅರ್ಧ ಡಾಕ್ಟರೆಂದೇ ನಂಬಿದ್ದರು. ಆ ಕೈಚಳಕವನ್ನು ಅವರು ಎಲ್ಲಿ ಕಲಿತರೆಂದು ಯಾರೂ ಕೇಳಲಿಲ್ಲ. ಬ್ರಿಟನ್ನಿನ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ: ಅಲ್ಲಿ ಆ ಪ್ರಶ್ನೆಯನ್ನು ಕೇಳಿದರು, ಕೇಳಿ ಉತ್ತರವನ್ನೂ ಕಟ್ಟಿದರು.

ಹಾಗೆಂದು ಆ ಉತ್ತರ ಸಲೀಸಾಗಿ ಬರಲಿಲ್ಲ. ಪಶುವೈದ್ಯರ ನೋಂದಣಿ ನೋಡಿಕೊಳ್ಳುವ ರಾಯಲ್ ಕಾಲೇಜ್ ಆಫ್ ವೆಟರಿನರಿ ಸರ್ಜನ್ಸ್ ಹುಟ್ಟಿದ್ದು 1844ರಲ್ಲಿ. ವೈದ್ಯರ ಪಕ್ಕದಲ್ಲಿ ನಿಂತು ದುಡಿಯುವವರಿಗೊಂದು ತರಬೇತಿ ಯೋಜನೆ ಮಾಡಲು ಅದಕ್ಕೆ 1961ರವರೆಗೆ ಬೇಕಾಯಿತು. ಆಗಲೂ ಅವರನ್ನು ನರ್ಸ್ ಎಂದು ಕರೆಯುವಂತಿರಲಿಲ್ಲ; ಕಾನೂನಿನ ಪ್ರಕಾರ ಆ ಹೆಸರು ಮನುಷ್ಯರ ದಾದಿಯರಿಗೆ ಮೀಸಲು. ಹಾಗಾಗಿ ‘ಅನಿಮಲ್ ನರ್ಸಿಂಗ್ ಆಕ್ಸಿಲಿಯರಿ’ ಎಂಬ ಉದ್ದ ಹೆಸರಿಟ್ಟು ನಡೆಸಿದರು. ವೆಟರಿನರಿ ನರ್ಸ್ ಎನಿಸಿಕೊಳ್ಳಲು 1984 ಬರಬೇಕಾಯಿತು. 1991ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ವೈದ್ಯರ ನಿರ್ದೇಶನದಲ್ಲಿ ಚಿಕಿತ್ಸೆ ಕೊಡುವ, ದೇಹದ ಒಳಗುಹೆ ತೆರೆಯದಂಥ ಸಣ್ಣ ಶಸ್ತ್ರಕ್ರಿಯೆ ಮಾಡುವ ಅಧಿಕಾರ ಸಿಕ್ಕಿತು. 2007ರಲ್ಲಿ ಪ್ರತ್ಯೇಕ ನೋಂದಣಿ ಪುಸ್ತಕ ತೆರೆದರು. 2015ರ ರಾಜಸನ್ನದು ಅವರನ್ನು ಕಾಲೇಜಿನ ಸಹಸದಸ್ಯರನ್ನಾಗಿ ಮಾಡಿತು. ಅಷ್ಟಾದರೂ 1966ರ ಪಶುವೈದ್ಯ ಕಾಯ್ದೆಯಲ್ಲಿ ‘ವೆಟರಿನರಿ ನರ್ಸ್’ ಎಂಬ ಹೆಸರಿಗೆ ರಕ್ಷಣೆಯಿಲ್ಲ. ಓದದವರೂ ಹಾಗೆಂದು ಹೇಳಿಕೊಂಡರೆ ತಡೆಯಲಾಗದು. ಅದಕ್ಕೇ ಅಲ್ಲಿನವರು ‘ರಿಜಿಸ್ಟರ್ಡ್’ ಎಂಬ ಮಾತನ್ನು ಒತ್ತಿ ಹೇಳುತ್ತಾರೆ. ಈ ಅನ್ಯಾಯ ಇಷ್ಟು ವರ್ಷ ಉಳಿದಿರುವುದು ನನಗೆ ಅರ್ಥವಾಗಿಲ್ಲ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಹಾಸನದ ಕಡೆಯ ಹೆಣ್ಣುಮಗಳೊಬ್ಬಳಿಂದ. ಗಂಡನ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋದವಳು, ಸೂಪರ್‌ಮಾರ್ಕೆಟ್ಟಿನ ಗಲ್ಲಾದಲ್ಲಿ ದುಡಿಯುತ್ತಾಳೆ. ಕೊಟ್ಟಿಗೆಯಲ್ಲಿ ಬೆಳೆದ ಜೀವ. ಒಂದು ರಾತ್ರಿ ಫೋನಿನಲ್ಲಿ ಕೇಳಿದಳು: “ಅಕ್ಕ, ಕೆಲ್ಸ ಬಿಡಕ್ಕಾಗಲ್ಲ. ಮನೇಲೇ ಕೂತ್ಕಂಡು ಓದಿ ವೆಟರಿನರಿ ನರ್ಸ್ ಆಗ್ಬೋದಾ?”

ಇದೇ ಪ್ರಶ್ನೆ ಇಟ್ಟುಕೊಂಡವರು ಇನ್ನೂ ಅನೇಕರಿರಬಹುದು. ಉತ್ತರ ಹೀಗಿದೆ: ಅರ್ಧ ಆಗಬಹುದು. ದೇಹರಚನೆ, ಔಷಧಿಯ ಲೆಕ್ಕ, ಸೋಂಕು ಹರಡುವ ಬಗೆ, ಆಹಾರ, ಕಾನೂನು ಇವೆಲ್ಲ ಮನೆಗೇ ಬರುತ್ತವೆ. ಸಂಜೆಯ ಆನ್‌ಲೈನ್ ತರಗತಿ ನಡೆಸುವ, ಪಾಠ ಮೊದಲೇ ಕಳಿಸಿಕೊಡುವ ಕಾಲೇಜುಗಳಿವೆ. ಹಂಟಿಂಗ್‌ಡನ್ನಿನ ಕಾಲೇಜ್ ಆಫ್ ಅನಿಮಲ್ ವೆಲ್ಫೇರ್‌ನಂಥವು ಈ ವಿದ್ಯೆ ಕಲಿಸುವುದರಲ್ಲಿ ಹಳೆಯ ಹೆಸರು. ಉಳಿದ ಅರ್ಧ ಮಾತ್ರ ಯಾವ ಪರದೆಯಲ್ಲೂ ಬಾರದು. ನೋಂದಣಿ ಬೇಕಾದರೆ ಕನಿಷ್ಠ 1,800 ಗಂಟೆ ನಿಜವಾದ ಆಸ್ಪತ್ರೆಯಲ್ಲಿ, ನಿಜವಾದ ಪ್ರಾಣಿಗಳ ನಡುವೆ ದುಡಿದಿರಬೇಕು. ವಾರಕ್ಕೆ 35 ಗಂಟೆಯ ಲೆಕ್ಕದಲ್ಲಿ ಸುಮಾರು ಒಂದು ವರ್ಷ. ಆ ಆಸ್ಪತ್ರೆಯೂ ತರಬೇತಿಗೆಂದು ಮಾನ್ಯತೆ ಪಡೆದಿರಬೇಕು. ಅಲ್ಲಿನ ಒಬ್ಬ ನೋಂದಾಯಿತ ನರ್ಸ್ ಅಥವಾ ವೈದ್ಯರು ‘ಕ್ಲಿನಿಕಲ್ ಕೋಚ್’ ಆಗಿ ನಿಮ್ಮ ಕೈ ಹಿಡಿಯಬೇಕು. ಡ್ರಿಪ್ ಕಟ್ಟಿದ್ದು, ಎಕ್ಸ್‌ರೇಗೆ ಮಲಗಿಸಿದ್ದು, ಬ್ಯಾಂಡೇಜ್ ಸುತ್ತಿದ್ದು ಎಂದು ಒಂದೊಂದೇ ಕಲೆಯನ್ನು ನೀವು ದಾಖಲೆಯಲ್ಲಿ ಬರೆಯಬೇಕು, ಅವರು ನೋಡಿ ಸಹಿ ಹಾಕಬೇಕು.

ಇದರಿಂದಲೇ ಒಂದು ಕಿವಿಮಾತು ಹುಟ್ಟುತ್ತದೆ: ಮೊದಲು ಆಸ್ಪತ್ರೆ ಹುಡುಕಿ, ಆಮೇಲೆ ಕಾಲೇಜು. ಬಹಳ ಜನ ಉಲ್ಟಾ ಮಾಡುತ್ತಾರೆ. ‘ಮನೆಯಲ್ಲೇ ಕುಳಿತು ವೆಟರಿನರಿ ನರ್ಸಿಂಗ್ ಡಿಪ್ಲೊಮಾ’ ಎಂಬ ಜಾಹೀರಾತು ನೋಡಿ ದುಡ್ಡು ಕಟ್ಟುತ್ತಾರೆ. ಆರು ತಿಂಗಳು ಓದಿ ಸರ್ಟಿಫಿಕೇಟು ಬಂದ ಮೇಲೆ, ಅದರಿಂದ ನೋಂದಣಿ ಸಿಗದೆಂದು ತಿಳಿಯುತ್ತದೆ. ಆ ಪುಸ್ತಕಗಳಿಂದ ಜ್ಞಾನ ಬರಬಹುದು, ಪರವಾನಗಿ ಬಾರದು. ಹಣ ಕಟ್ಟುವ ಮೊದಲು ಒಂದೇ ಒಂದು ಮಾತು ಕೇಳಿ: ಈ ಕೋರ್ಸು ರಾಯಲ್ ಕಾಲೇಜಿನ ಮಾನ್ಯತೆ ಪಡೆದ ‘ಲೈಸೆನ್ಸ್ ಟು ಪ್ರಾಕ್ಟೀಸ್’ ಅರ್ಹತೆಯೇ? ಸೆಂಟ್ರಲ್ ಕ್ವಾಲಿಫಿಕೇಷನ್ಸ್, ವೆಟ್‌ಸ್ಕಿಲ್‌ನಂಥ ಸಂಸ್ಥೆಗಳು ಕೊಡುವ ಲೆವೆಲ್ 3 ಡಿಪ್ಲೊಮಾ ಅಂಥದ್ದು. ನೇರ ಉತ್ತರ ಬಾರದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಸಂಬಳ ತಪ್ಪದೆ ಕಲಿಯುವ ದಾರಿ ಎಂದರೆ ಅಪ್ರೆಂಟಿಸ್‌ಶಿಪ್. ಆಸ್ಪತ್ರೆಯೇ ನಿಮ್ಮನ್ನು ನೌಕರಿಗೆ ಇಟ್ಟುಕೊಳ್ಳುತ್ತದೆ. ವಾರದಲ್ಲಿ ಒಂದು ದಿನ ಕಾಲೇಜು, ಉಳಿದ ದಿನ ಕೆಲಸ. ಕೆಲವು ಕಡೆ ದಿನಕ್ಕೆ ಬದಲಾಗಿ ಒಂದೆರಡು ವಾರ ಒಟ್ಟಿಗೆ ಕೂಡಿಸಿ ಪಾಠ ಮುಗಿಸುತ್ತಾರೆ. ಕಲಿಯುವವರು ಶುಲ್ಕ ಕಟ್ಟಬೇಕಿಲ್ಲ. ಡಿಪ್ಲೊಮಾ ಮುಗಿಯಲು ಸುಮಾರು ಎರಡೂವರೆಯಿಂದ ಮೂರು ವರ್ಷ. ಕೈಗೆ ಬರುವ ಸಂಬಳ ಸಣ್ಣದು, ಅದನ್ನು ಮುಚ್ಚಿಟ್ಟು ಹೇಳಬಾರದು. ಬಾಡಿಗೆ ಕಟ್ಟಿ ಮಕ್ಕಳನ್ನು ಸಾಕುವವರಿಗೆ ಮೂರು ವರ್ಷ ಉದ್ದದ ದಾರಿಯೇ. ನಮ್ಮವರಿಗೆ ಇನ್ನೊಂದು ತೊಡಕಿದೆ. ಸರ್ಕಾರದ ಹಣದಲ್ಲಿ ನಡೆಯುವ ಅಪ್ರೆಂಟಿಸ್‌ಶಿಪ್ಪಿಗೆ ಸಾಮಾನ್ಯವಾಗಿ ಮೂರು ವರ್ಷ ಆ ದೇಶದಲ್ಲಿ ನೆಲೆಸಿರಬೇಕು. ಹೊಸದಾಗಿ ವಿಮಾನ ಇಳಿದವರು ಆ ಕಾಲವನ್ನು ಸುಮ್ಮನೆ ಕಳೆಯಬೇಕಿಲ್ಲ. ನಮ್ಮ ಹತ್ತನೇ ತರಗತಿಯ ಪರೀಕ್ಷೆಯನ್ನು ಹೋಲುವ ಅಲ್ಲಿನ ಜಿಸಿಎಸ್ಇಯಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನ ಸೇರಿ ಐದು ವಿಷಯ ಪಾಸಾಗಿರಬೇಕೆಂಬ ನಿಯಮವಿದೆ. ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ಅದಕ್ಕೆ ಸಮವೇ ಎಂದು ಯುಕೆ ಎನಿಕ್ ಸಂಸ್ಥೆಯಿಂದ ಪತ್ರ ಮಾಡಿಸಿಟ್ಟುಕೊಳ್ಳಬಹುದು. ಅಂಕ ಸಾಲದವರು ಲೆವೆಲ್ 2ರ ಸಹಾಯಕರ ಕೋರ್ಸು ಮುಗಿಸಿ ಮೇಲೆ ಹತ್ತಬಹುದು.

ಬಿ.ವಿ.ಎಸ್ಸಿ. ಮುಗಿಸಿ ಹೋದವರಿಗೂ ಒಂದು ಮಾತು. ನಮ್ಮ ಆ ಪದವಿಗೆ ಅಲ್ಲಿ ನೇರ ನೋಂದಣಿ ಇಲ್ಲ. ರಾಯಲ್ ಕಾಲೇಜಿನ ಸ್ಟ್ಯಾಟ್ಯುಟರಿ ಮೆಂಬರ್‌ಶಿಪ್ ಪರೀಕ್ಷೆ ಪಾಸಾಗಬೇಕು. ವೈದ್ಯರು ತಾನೇ, ನರ್ಸ್ ಆಗಿ ಸಲೀಸಾಗಿ ಸೇರಿಸಿಕೊಳ್ಳುತ್ತಾರೆ ಎಂದು ತಿಳಿದರೆ ತಪ್ಪು. ಅದು ಬೇರೆಯೇ ವಿದ್ಯೆ.

ಬೇರೆಯೇ ವಿದ್ಯೆ ಎಂದದ್ದು ಸುಮ್ಮನೆ ಅಲ್ಲ. ಶಸ್ತ್ರಕ್ರಿಯೆಗೆ ಮುಂಚೆ ನಾಯಿಗೆ, ಬೆಕ್ಕಿಗೆ ಊಟ ನಿಲ್ಲಿಸುತ್ತಾರೆ. ಮೊಲಕ್ಕೆ ನಿಲ್ಲಿಸಬಾರದು. ಮೊಲಕ್ಕೆ ವಾಂತಿ ಬಾರದು, ಆದರೆ ಹೊಟ್ಟೆ ಖಾಲಿ ಬಿದ್ದರೆ ಕರುಳಿನ ಚಲನೆ ನಿಂತು ಸಾಯುವ ಭಯವಿದೆ. ಎಚ್ಚರವಾದ ಕೂಡಲೇ ಅದರ ಮುಂದೆ ಹುಲ್ಲಿರಬೇಕು. ಬೆಕ್ಕು ಮೂರು ನಾಲ್ಕು ದಿನ ಅನ್ನ ಮುಟ್ಟದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು. ಆಗ ನರ್ಸು ಆಹಾರ ಬೆಚ್ಚಗೆ ಮಾಡಿ, ವಾಸನೆ ಏಳಿಸಿ, ಬೆರಳಿಗೆ ಹಚ್ಚಿ ಮೂತಿಯ ಬಳಿ ಹಿಡಿದು ಕಾಯುತ್ತಾಳೆ. ಪಕ್ಕದ ಗೂಡಿನಲ್ಲಿ ನಾಯಿ ಬೊಗಳುತ್ತಿದ್ದರೆ ಆ ಬೆಕ್ಕು ಬಾಯಿ ತೆರೆಯದು. ಆದ್ದರಿಂದ ಯಾವ ಗೂಡಿನಲ್ಲಿ ಯಾರು ಎಂಬುದನ್ನೂ ಅವಳೇ ನಿರ್ಧರಿಸುತ್ತಾಳೆ. ಅರಿವಳಿಕೆಯಿಂದ ಏಳುವಾಗ ನಾಯಿಯಾದರೆ ಎಂಜಲು ನುಂಗುವವರೆಗೆ ಗಂಟಲ ಕೊಳವೆ ಬಿಟ್ಟಿರಬೇಕು. ಬೆಕ್ಕಾದರೆ ಅಷ್ಟು ತಡ ಮಾಡುವಂತಿಲ್ಲ. ಅದರ ಗಂಟಲು ಬಲು ಸೂಕ್ಷ್ಮ, ಬಿಗಿದುಕೊಂಡು ಉಸಿರೇ ಕಟ್ಟಬಹುದು. ಕಿವಿ ಅಲುಗಿದ್ದನ್ನು ಕಂಡು ಕೊಳವೆ ತೆಗೆಯುವ ಆ ಗಳಿಗೆಯನ್ನು ಪುಸ್ತಕದಲ್ಲಿ ಓದಬಹುದು. ಬೆರಳಿಗೆ ಬರುವುದು ಹತ್ತಾರು ಬೆಕ್ಕುಗಳ ನಂತರ.

ಕೊನೆಗಾಲದ ಚುಚ್ಚುಮದ್ದಿನ ಹೊತ್ತಿನಲ್ಲೂ ಮುಂಗಾಲಿನ ರಕ್ತನಾಳ ಉಬ್ಬುವಂತೆ ಒತ್ತಿ ಹಿಡಿಯುವ ಹೆಬ್ಬೆರಳು ನರ್ಸಿನದು. ಇನ್ನೊಂದು ತೋಳು ಪ್ರಾಣಿಯನ್ನು ಬಳಸಿರುತ್ತದೆ. ಎದುರಿಗೆ ಮನೆಯವರು ಅಳುತ್ತಿರುತ್ತಾರೆ. ಹೆಬ್ಬೆರಳು ನಡುಗಬಾರದು.

ಕೊನೆಯ ಪರೀಕ್ಷೆಯೂ ಹಾಗೆಯೇ ಕೈಯದೇ. ಸಾಲಾಗಿ ಮೇಜುಗಳು, ಪ್ರತಿ ಮೇಜಿಗೂ ಕೆಲವೇ ನಿಮಿಷ, ಗಂಟೆ ಬಾರಿಸಿದರೆ ಮುಂದಿನದಕ್ಕೆ. ಪಾಸಾದವರು ನೋಂದಣಿ ಮಾಡಿಸಿ ಕಡುಹಸಿರು ಸಮವಸ್ತ್ರ ತೊಡುತ್ತಾರೆ. ಕಲಿಯುವವರದು ಹಸಿರು ಬಿಳಿ ಪಟ್ಟೆ. ಆಮೇಲೂ ವರ್ಷಕ್ಕೆ 15 ಗಂಟೆಯ ಹೊಸ ಕಲಿಕೆ ಕಡ್ಡಾಯ. ದೂರಶಿಕ್ಷಣ ಪೂರ್ತಿಯಾಗಿ ಒದಗುವುದು ಈ ಹಂತದಲ್ಲಿ. ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜು ನೋಂದಾಯಿತ ನರ್ಸುಗಳಿಗೆಂದೇ ಅಂಥ ಉನ್ನತ ಡಿಪ್ಲೊಮಾ ನಡೆಸಿದೆ.

ಅಮೆರಿಕದ ನೆಂಟರು ಕೇಳಿದರೆ ಅಲ್ಲಿನ ಹೆಸರು ವೆಟರಿನರಿ ಟೆಕ್ನಿಷಿಯನ್. ಕಾಕತಾಳೀಯವೆಂಬಂತೆ ಅಲ್ಲೂ 1961ರಲ್ಲೇ, ನ್ಯೂಯಾರ್ಕ್ ರಾಜ್ಯದ ಡೆಲ್‌ಹೈ ಎಂಬ ಊರಿನ ಕಾಲೇಜಿನಲ್ಲಿ ಈ ಪಾಠ ಶುರುವಾಯಿತು. ಊರಿನ ಹೆಸರು ಬರೆಯುವುದು ನಮ್ಮ ದೆಹಲಿಯ ಇಂಗ್ಲಿಷ್ ಅಕ್ಷರಗಳಲ್ಲೇ. ಅಮೆರಿಕದ ಪಶುವೈದ್ಯ ಸಂಘದ ಮಾನ್ಯತೆ ಪಡೆದ ದೂರಶಿಕ್ಷಣದ ಕೋರ್ಸುಗಳು ಅಲ್ಲಿ ಹಲವಿವೆ, ಪೆನ್ ಫಾಸ್ಟರ್ ಅವುಗಳಲ್ಲೊಂದು. ಅಲ್ಲೂ ಕೈಕೆಲಸಕ್ಕೆ ಹತ್ತಿರದ ಕ್ಲಿನಿಕ್ಕನ್ನೇ ಹಿಡಿಯಬೇಕು.

ನಮ್ಮಲ್ಲಿ? ಬ್ರಿಟನ್ ಹೆಸರು ಬದಲಿಸಿದ ಅದೇ 1984ರಲ್ಲಿ ನಮ್ಮ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಬಂತು. ಡಿಪ್ಲೊಮಾ ಅಥವಾ ಸರ್ಟಿಫಿಕೇಟು ಪಡೆದವರು ನೋಂದಾಯಿತ ಪಶುವೈದ್ಯರ ಉಸ್ತುವಾರಿಯಲ್ಲಿ ಸಣ್ಣಪುಟ್ಟ ಚಿಕಿತ್ಸೆ ಮಾಡಲು ಅದು ದಾರಿ ಬಿಟ್ಟಿದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಎಸ್ಸೆಸ್ಸೆಲ್ಸಿ ನಂತರದ ಎರಡು ವರ್ಷದ ಪಶುಸಂಗೋಪನೆ ಡಿಪ್ಲೊಮಾ ಇದೆ. ಅದು ಕಾಲೇಜಿನಲ್ಲೇ ಇದ್ದು ಓದುವ ಕೋರ್ಸು, ಹೆಚ್ಚು ಗಮನ ದನ, ಎಮ್ಮೆ, ಕುರಿ, ಕೋಳಿಗಳ ಕಡೆ. ಇಗ್ನೋದಲ್ಲಿ ಮನೆಯಿಂದ ಓದಲು ಹೈನು ತಂತ್ರಜ್ಞಾನ, ಕೋಳಿ ಸಾಕಣೆ ಇವೆ. ಬೆಂಗಳೂರಿನ ನಾಯಿ ಬೆಕ್ಕುಗಳ ಕ್ಲಿನಿಕ್ಕುಗಳಲ್ಲಿ ಅರಿವಳಿಕೆಯ ಹೊತ್ತು ಪ್ರಾಣಿಯ ತಲೆಯ ಬಳಿ ನಿಲ್ಲುವ ಹುಡುಗ ಹುಡುಗಿಯರು ನೋಡಿ ನೋಡಿಯೇ ಕಲಿತವರು. ಅವರ ಕಲಿಕೆಗೆ ಸಹಿ ಹಾಕುವ ಪುಸ್ತಕವಿಲ್ಲ, ಅವರ ಹೆಸರು ಬರೆಯುವ ಪಟ್ಟಿಯಿಲ್ಲ. ಕೆಲಸದಲ್ಲಿರುವಾಗಲೇ ವಾರಕ್ಕೊಂದು ದಿನ ಪಾಠ, ಉಳಿದ ದಿನ ಕೋಚ್‌ನ ಕಣ್ಗಾವಲು ಎಂಬ ಬ್ರಿಟನ್ನಿನ ಏರ್ಪಾಡು ಇವರಿಗೆ ಹೇಳಿ ಮಾಡಿಸಿದಂತಿದೆ. ನಮ್ಮ ವಿಶ್ವವಿದ್ಯಾಲಯ ಇದನ್ನು ಕೈಗೆತ್ತಿಕೊಳ್ಳಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಹಾಸನದ ಹುಡುಗಿಗೆ ನಾನು ಹೇಳಿದ್ದು ಇಷ್ಟು: ಮನೆಗೆ ಹತ್ತಿರದ ಕ್ಲಿನಿಕ್ಕಿಗೆ ನೀನೇ ನಡೆದು ಹೋಗು. ತರಬೇತಿ ಕೊಡುವ ಆಸ್ಪತ್ರೆಯೇ ಎಂದು ವಿಚಾರಿಸು. ಶನಿವಾರ ಬಂದು ಕೆಲಸ ಮಾಡಬಹುದೇ ಎಂದು ಕೇಳು. ಎರಡನೇ ಕ್ಲಿನಿಕ್ಕಿನಲ್ಲಿ ಒಪ್ಪಿದರಂತೆ. ಈಗ ಶನಿವಾರ ಗೂಡು ತೊಳೆಯುತ್ತಾಳೆ, ಹಾಸು ಬದಲಿಸುತ್ತಾಳೆ, ಆಪರೇಷನ್ ಆದ ಮೇಲೆ ಉಪಕರಣ ಉಜ್ಜಿ ಆಟೋಕ್ಲೇವ್‌ಗೆ ಜೋಡಿಸುತ್ತಾಳೆ. ಹೋದ ವಾರ ಫೋನಿನಲ್ಲಿ ದನಿ ಬೇರೆಯೇ ಇತ್ತು. “ಅಕ್ಕ, ಇವತ್ತು ಬೆಕ್ಕಿನ ಒಸಡು ಒತ್ತಿ ನೋಡು ಅಂದ್ರು. ಒತ್ತಿ ಬಿಟ್ಟೆ. ಒಂದು, ಎರಡು ಅನ್ನೋದ್ರೊಳಗೆ ಕೆಂಪಾಯ್ತು.”