ಸ್ಟೇನ್‌ಲೆಸ್ ಬೇರಿಂಗ್‌ಗೂ ಯಾಕೆ ತುಕ್ಕು?

ಕಡಲಲ್ಲಿ ಗಾಳ ಹಾಕುವವರ ರೀಲಿನಲ್ಲಿ ಮೊದಲು ಕೈಕೊಡುವುದು ಹೆಚ್ಚಾಗಿ ದಾರ ಹಾದುಬರುವ ಪುಟ್ಟ ಉರುಳೆ. ಉಪ್ಪುನೀರು ಕುಡಿದ ದಾರವೆಲ್ಲ ಅದರ ಮೇಲೆಯೇ ಜಾರಿ ಸುತ್ತಿಕೊಳ್ಳಬೇಕು. ಉರುಳೆಯ ಹೊಟ್ಟೆಯಲ್ಲಿರುವ ಬಾಲ್ ಬೇರಿಂಗ್‌ನ ಹೊರವ್ಯಾಸ ಎಷ್ಟೋ ರೀಲುಗಳಲ್ಲಿ 7 ಮಿ.ಮೀ. ಮಾತ್ರ. ನೀರು ಆರಿ ಉಪ್ಪು ಅಲ್ಲೇ ಹರಳುಗಟ್ಟಿದರೆ ಮುಂದಿನ ಸಲ ಹಿಡಿ ತಿರುಗಿಸುವಾಗ ಕರಕರ ಸದ್ದು. ‘ಸ್ಟೇನ್‌ಲೆಸ್ ಅಂದಿದ್ರಲ್ಲ!’ ಎಂದು ಅಂಗಡಿಯವರ ಮೇಲೆ ರೇಗಿ ಫಲವಿಲ್ಲ. ಅವರು ಹೇಳಿದ್ದು ಸುಳ್ಳೇನಲ್ಲ.

ಉಕ್ಕನ್ನು ತುಕ್ಕಿನಿಂದ ಕಾಯುವುದು ಕ್ರೋಮಿಯಂ. ಗಾಳಿಯ ಆಮ್ಲಜನಕದೊಂದಿಗೆ ಸೇರಿ ಅದು ಕೆಲವೇ ನ್ಯಾನೊಮೀಟರ್ ದಪ್ಪದ ಪೊರೆ ಕಟ್ಟುತ್ತದೆ; ಗೀರು ಬಿದ್ದರೆ ಪೊರೆ ತಾನಾಗಿ ಕೂಡಿಕೊಳ್ಳುತ್ತದೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಸವೆಯದಿರಲೆಂದು ಎರಕ ಹೊಯ್ದ ಉಕ್ಕಿನಲ್ಲಿ ಕ್ರೋಮಿಯಂ ಸುಮಾರು ಶೇ. 13ರಷ್ಟಿತ್ತು. ಆದರೆ ಉಪ್ಪಿನ ಕ್ಲೋರೈಡ್‌ಗೆ ಪೊರೆಯ ದುರ್ಬಲ ಜಾಗ ಸಿಕ್ಕರೆ ಸಾಕು, ಅಲ್ಲಿ ಸೂಜಿಮೊನೆಯಷ್ಟು ಗುಳಿ ಕೊರೆಯುತ್ತದೆ.

ಹಾಗಾದರೆ ಅಡುಗೆಮನೆಯ ಪಾತ್ರೆಯ ಉಕ್ಕನ್ನೇ ಬಳಸಬಾರದೇ? ಅದು ತುಕ್ಕನ್ನು ಚೆನ್ನಾಗಿಯೇ ತಡೆಯುತ್ತದೆ, ಆದರೆ ಮೆದು. ಬೇರಿಂಗ್‌ನಲ್ಲಿ ಭಾರವೆಲ್ಲ ಗುಂಡು ತಾಗುವ ಚುಕ್ಕೆಯಷ್ಟು ಜಾಗದ ಮೇಲೆ ಬೀಳುತ್ತದೆ. ಮೆದು ಲೋಹ ಅಲ್ಲಿ ತಗ್ಗಾಗಿಬಿಡುತ್ತದೆ. ಗಡಸುತನ ಬೇಕೆಂದರೆ ಇಂಗಾಲ ಬೇಕು. ಬೇರಿಂಗ್‌ಗೆ ಹೆಸರಾದ 440ಸಿ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 1, ಕ್ರೋಮಿಯಂ ಶೇ. 16ರಿಂದ 18. ಕಾಗದದ ಮೇಲೆ ಕ್ರೋಮಿಯಂ ಧಾರಾಳ. ತೊಡಕಿರುವುದು ಇಂಗಾಲದಲ್ಲಿ: ಅದು ಕ್ರೋಮಿಯಂ ಅನ್ನು ತನ್ನತ್ತ ಎಳೆದುಕೊಂಡು ಕಾರ್ಬೈಡ್ ಎಂಬ ಗಟ್ಟಿ ಹರಳುಗಳಾಗುತ್ತದೆ. ಸವಕಳಿ ತಡೆಯಲು ಆ ಹರಳು ಬೇಕೇ ಬೇಕು. ಆದರೆ ಸುತ್ತಲಿನ ಲೋಹದಲ್ಲಿ ಪೊರೆ ಕಟ್ಟಲು ಉಳಿಯುವ ಕ್ರೋಮಿಯಂ ಅಷ್ಟರಮಟ್ಟಿಗೆ ಕಡಿಮೆ. ಗುಳಿ ಶುರುವಾಗುವುದು ಇಂಥ ಕಡೆಯೇ. ಒಮ್ಮೆ ಗುಳಿ ಬಿದ್ದರೆ ಅದರ ಅಂಚನ್ನು ಪ್ರತಿ ಸುತ್ತಿನಲ್ಲೂ ಗುಂಡು ಜಜ್ಜುತ್ತಾ ಹೋಗುತ್ತದೆ.

ಇದಕ್ಕೆ ಲೋಹತಜ್ಞರು ಕಂಡುಕೊಂಡ ಉಪಾಯ ನನಗಂತೂ ಸೊಗಸೆನಿಸುತ್ತದೆ: ಇಂಗಾಲದ ಬಹುಪಾಲು ತೆಗೆದು ಸಾರಜನಕ ತುಂಬುವುದು. ಇಂಗಾಲ ಶೇ. 0.3, ಸಾರಜನಕ ಶೇ. 0.4ರ ಆಸುಪಾಸು ಇರುವ ಉಕ್ಕು ಗಡಸೂ ಹೌದು, ಉಪ್ಪಿಗೆ ಅಷ್ಟು ಸುಲಭವಾಗಿ ಬಗ್ಗುವುದೂ ಇಲ್ಲ. ಕರಗಿದ ಉಕ್ಕಿನಲ್ಲಿ ಇಷ್ಟು ಸಾರಜನಕ ನಿಲ್ಲಬೇಕಾದರೆ ಒತ್ತಡದಲ್ಲೇ ಕರಗಿಸಬೇಕು. ಅದಕ್ಕೇ ಬೆಲೆ ಜಾಸ್ತಿ. ವಿಮಾನದ ಬೇರಿಂಗ್‌ಗೆ ಸರಿ, ಗಾಳಕ್ಕೆ ತುಸು ದುಬಾರಿ.

ರೀಲು ತಯಾರಕರು ಸಾಮಾನ್ಯವಾಗಿ ಒಳ್ಳೆಯ ಸ್ಟೇನ್‌ಲೆಸ್ ಉಕ್ಕು, ಎರಡೂ ಬದಿಗೆ ಮುಚ್ಚಳ, ಒಳಗೆ ಗ್ರೀಸ್ ಇಷ್ಟರಲ್ಲಿ ಸುಧಾರಿಸುತ್ತಾರೆ. ‘ಸೆರಾಮಿಕ್’ ಎಂದು ಮಾರುವ ಬೇರಿಂಗ್‌ಗಳಲ್ಲೂ ಸಾಮಾನ್ಯವಾಗಿ ಗುಂಡು ಮಾತ್ರ ಸಿಲಿಕಾನ್ ನೈಟ್ರೈಡ್. ಗುಂಡು ಉರುಳುವ ಬಳೆಗಳು ಉಕ್ಕಿನವೇ, ತುಕ್ಕಿನ ಚಿಂತೆಯೂ ಹಳೆಯದೇ. ಕಡಲಿನಿಂದ ಬಂದ ದಿನವೇ ಸಿಹಿನೀರನ್ನು ಮೆಲ್ಲಗೆ ಹನಿಸಿ ರೀಲು ತೊಳೆದು, ಆರಿದ ಮೇಲೆ ಉರುಳೆಗೆ ಒಂದು ತೊಟ್ಟು ಎಣ್ಣೆ ಬಿಡಬೇಕು. ಪೈಪಿನ ರಭಸಕ್ಕೆ ಹಿಡಿದರೆ ಹೊರಗಿನ ಉಪ್ಪು ಮುಚ್ಚಳದ ಸಂದಿಯಿಂದ ಒಳಗೆ ಹೋಗುತ್ತದೆ.