ನ್ಯುಮೋನಿಯಾ ವಾರ್ಡಿನಿಂದ ಡಯಾಲಿಸಿಸ್ ಘಟಕಕ್ಕೆ

1930. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಆಸ್ವಾಲ್ಡ್ ಏವರಿಯವರ ಪ್ರಯೋಗಾಲಯಕ್ಕೆ ಹಗಲಿರುಳೂ ನ್ಯುಮೋನಿಯಾದ್ದೇ ಧ್ಯಾನ. ಪೆನಿಸಿಲಿನ್ ಇನ್ನೂ ಔಷಧವಾಗಿರಲಿಲ್ಲ. ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೊಕಾಕಸ್ ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿದ ಅಂಶಗಳನ್ನು ರೋಗಿಗಳ ಸೀರಂಗೆ ಬೆರೆಸಿ ನೋಡುತ್ತಿದ್ದರು. ‘ಸಿ’ ಎಂದು ಗುರುತು ಹಾಕಿದ ಅಂಶ ಬಿದ್ದಾಗ ಸೀರಂ ಕದಡಿ ಗಸಿಗಟ್ಟಿತು.

ಪ್ರತಿಕಾಯವೇ ಇರಬೇಕು ಎನ್ನೋಣವೆಂದರೆ ಲೆಕ್ಕ ತಲೆಕೆಳಗಾಗಿತ್ತು. ಪ್ರತಿಕಾಯ ರೋಗಿ ಚೇತರಿಸಿಕೊಳ್ಳುವ ಹೊತ್ತಿಗೆ ಏರಬೇಕು. ಇದು ಕಾಯಿಲೆ ಜೋರಾಗಿದ್ದಾಗ ಕಾಣಿಸಿಕೊಂಡು, ಜ್ವರ ಬಿಡುತ್ತಿದ್ದಂತೆ ಮಾಯವಾಗುತ್ತಿತ್ತು. ಅದೊಂದು ಪ್ರೋಟೀನು ಎಂದು 1941ರಲ್ಲಿ ಖಚಿತವಾಯಿತು. ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಇಂದಿನ ಲ್ಯಾಬ್ ಚೀಟಿಯ ‘ಸಿಆರ್‌ಪಿ’. ಅದೇ ಪ್ರಯೋಗಾಲಯ 1944ರಲ್ಲಿ ಆನುವಂಶಿಕತೆಯ ವಸ್ತು ಡಿಎನ್‌ಎ ಎಂದು ತೋರಿಸಿತು. ಆ ಕೀರ್ತಿಯ ಮುಂದೆ ಸಿಆರ್‌ಪಿಯನ್ನು ಯಾರು ನೆನೆಯುತ್ತಾರೆ!

ಮೂತ್ರಪಿಂಡದ ವೈದ್ಯರು ಇದರತ್ತ ತಿರುಗಿದ್ದು ಬಹಳ ತಡವಾಗಿ. 1990ರಲ್ಲಿ ಅಮೆರಿಕದ ಲೌರಿ ಮತ್ತು ಲ್ಯೂ 12,000ಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ಮಾಮೂಲಿ ರಕ್ತಪರೀಕ್ಷೆಗಳನ್ನು ಜಾಲಾಡಿದಾಗ, ಸಾವಿನ ಅಪಾಯವನ್ನು ಮುನ್ಸೂಚಿಸುವುದರಲ್ಲಿ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನು ಮುಂದಿತ್ತು: ಅದು ಇಳಿದಷ್ಟೂ ಅಪಾಯ ಹೆಚ್ಚು. ಊಟ ಸಾಲದು ಅನ್ನುವುದು ಸುಲಭದ ವಿವರಣೆಯಾಗಿತ್ತು. 1999ರಲ್ಲಿ ಜರ್ಮನಿಯ ಸಂಶೋಧಕರು ಸುಸ್ಥಿತಿಯಲ್ಲಿದ್ದ 280 ಡಯಾಲಿಸಿಸ್ ರೋಗಿಗಳನ್ನು ಎರಡು ವರ್ಷ ಗಮನಿಸಿದರು. ಸುಮಾರು ಅರ್ಧದಷ್ಟು ಜನರಲ್ಲಿ ಸಿಆರ್‌ಪಿ ಏರಿತ್ತು. ಸತ್ತವರೂ ಅವರಲ್ಲೇ ಹೆಚ್ಚು. ಒಳಗೆ ಉರಿಯೂತ ಇದ್ದಾಗ ಯಕೃತ್ತು ಸಿಆರ್‌ಪಿಯನ್ನು ಹೆಚ್ಚು ಮಾಡಿ, ಅಲ್ಬುಮಿನ್ ತಯಾರಿಕೆಯನ್ನು ತಗ್ಗಿಸುತ್ತದೆ. ಹಾಗಾಗಿ ತಪ್ಪನ್ನೆಲ್ಲ ತಟ್ಟೆಯ ಮೇಲೆ ಹೊರಿಸುವಂತಿರಲಿಲ್ಲ.

2020ರ ಮಾರ್ಚ್. ಇಟಲಿಯ ಲೊಂಬಾರ್ಡಿಯಲ್ಲಿ ಕೋವಿಡ್. ಎಲ್ಲರಿಗೂ ‘ಮನೆಯಲ್ಲೇ ಇರಿ’ ಎನ್ನಬಹುದು, ಡಯಾಲಿಸಿಸ್ ರೋಗಿಗೆ ಹೇಗೆ ಹೇಳುವುದು? ವಾರಕ್ಕೆ ಮೂರು ಸಲ ಘಟಕಕ್ಕೆ ಬರಲೇಬೇಕು. ಬ್ರೆಷಾ ನಗರದ ಮೂತ್ರಪಿಂಡ ತಜ್ಞರು ತಮ್ಮ 643 ರೋಗಿಗಳ ಲೆಕ್ಕ ತೆಗೆದರು. 94 ಮಂದಿಗೆ ಸೋಂಕು. ಆಸ್ಪತ್ರೆ ಸೇರಿದವರು 57, ಅವರಲ್ಲಿ ತೀರಿಕೊಂಡವರು 24. ಸಾವಿನ ಜೊತೆ ನಂಟು ತೋರಿದ್ದು ಜ್ವರ, ಕೆಮ್ಮು, ಮತ್ತು ಕಾಯಿಲೆ ಪತ್ತೆಯಾದ ಹೊತ್ತಿಗೇ ಲೀಟರಿಗೆ 50 ಮಿಲಿಗ್ರಾಂ ದಾಟಿದ್ದ ಸಿಆರ್‌ಪಿ. ತೊಂಬತ್ತು ವರ್ಷ ಹಳೆಯ ನ್ಯುಮೋನಿಯಾದ ಗುರುತು ಮತ್ತೆ ಶ್ವಾಸಕೋಶದ ಕಾಯಿಲೆಯಲ್ಲೇ ಕೆಲಸಕ್ಕೆ ಬಂತು.

ಇದು ಭವಿಷ್ಯವಾಣಿಯೇನಲ್ಲ. ಸಿಆರ್‌ಪಿ ಸಾವಿಗೆ ಕಾರಣವೂ ಅಲ್ಲ, ಉರಿಯೂತ ಎಷ್ಟಿದೆ ಎಂಬ ಸುಳಿವು ಮಾತ್ರ. ಡಯಾಲಿಸಿಸ್ ರೋಗಿಗಳಲ್ಲಿ ಕೆಥೀಟರ್ ಸೋಂಕು, ಒಸಡಿನ ತೊಂದರೆ, ರಕ್ತದಲ್ಲಿ ಕಲ್ಮಶ ಉಳಿದುಬಿಡುವ ಯುರೀಮಿಯಾ ಇವೇ ಅದನ್ನು ಏರಿಸಿಟ್ಟಿರಬಹುದು. ಹೃದಯಕ್ಕಾದ ಪೆಟ್ಟನ್ನು ಸೂಚಿಸುವ ಟ್ರೊಪೊನಿನ್, ರಕ್ತ ಹೆಪ್ಪುಗಟ್ಟಿದ್ದನ್ನು ಸೂಚಿಸುವ ಡಿ-ಡೈಮರ್‌ಗಳ ಪಾಡೂ ಅದೇ: ಅನೇಕರಲ್ಲಿ ಎಂದಿನ ಮಟ್ಟವೇ ಮೇಲಿರುತ್ತದೆ. ಉಳಿದವರಿಗೆ ಹಾಕಿದ ಗೆರೆಯಿಂದ ಇವರನ್ನು ಅಳೆದರೆ ಮೋಸ ಹೋಗುತ್ತೇವೆ.

ಆದ್ದರಿಂದ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಆರಾಮಾಗಿದ್ದ ತಿಂಗಳುಗಳ ರಕ್ತ ವರದಿಗಳನ್ನೂ ಫೈಲಿನಲ್ಲಿ ಜೋಪಾನವಾಗಿಡಿ. ಜ್ವರ ಬಂದ ದಿನ ಹೋಲಿಸಿ ನೋಡಲು ವೈದ್ಯರಿಗೆ ಅವು ಬೇಕಾಗುತ್ತವೆ.