ಅಂತರ್ಜಾಲದ ಕಛೇರಿ

ಸಂಗೀತ ಕಛೇರಿ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಒಂದು ವೇದಿಕೆ, ಅದರ ಮೇಲೊಂದು ಜಮಖಾನ, ನಡುವೆ ಹಾಡುವವರು, ಎಡಬಲಗಳಲ್ಲಿ ಪಿಟೀಲು ಮೃದಂಗಗಳು, ಹಿಂದೆ ತಂಬೂರಿ, ಎದುರಿಗೆ ಸಭಿಕರು. ಇವರೆಲ್ಲರೂ ಒಂದೇ ಸೂರಿನಡಿಯಲ್ಲಿ, ಒಂದೇ ಹೊತ್ತಿನಲ್ಲಿ ಇರುವುದೇ ಕಛೇರಿಯ ಮೊದಲ ಲಕ್ಷಣವೆಂದು ಬಹುಕಾಲದಿಂದ ತಿಳಿದಿದ್ದೆವು. 2020ರ ಮಾರ್ಚ್ 25ರಿಂದ ಕೊರೋನಾ ಸೋಂಕಿನ ಕಾರಣ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಈ ಲಕ್ಷಣವೇ ಇಲ್ಲವಾಯಿತು. ಆ ವರ್ಷದ ರಾಮನವಮಿ ಏಪ್ರಿಲ್ 2ಕ್ಕೆ ಬಂದಿತ್ತು. ಬೆಂಗಳೂರಿನ ಬೀದಿಬೀದಿಗಳಲ್ಲಿ ಸಂಗೀತದ ಚಪ್ಪರಗಳು ಏಳಬೇಕಾದ ದಿನಗಳು ಮೌನದಲ್ಲಿ ಕಳೆದವು. ಡಿಸೆಂಬರ್ ತಿಂಗಳಿನಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯೂ ತನ್ನ ವಾರ್ಷಿಕೋತ್ಸವವನ್ನು ಅಂತರ್ಜಾಲದ ಮೂಲಕವೇ ನಡೆಸಬೇಕಾಯಿತು.

ದೊಡ್ಡ ವಿದ್ವಾಂಸರ ವಿಷಯ ಹಾಗಿರಲಿ. ಅವರಿಗೆ ಧ್ವನಿಮುದ್ರಣದ ಕೋಣೆಗಳಿವೆ, ಪಳಗಿದ ತಂತ್ರಜ್ಞರಿದ್ದಾರೆ. ಸರಳೆ, ಜಂಟಿ, ಅಲಂಕಾರಗಳನ್ನು ಮುಗಿಸಿ ಗೀತೆಗೋ ವರ್ಣಕ್ಕೋ ಬಂದಿರುವ ಎಳೆಯ ವಿದ್ಯಾರ್ಥಿಗಳು ಮನೆಯ ಮೊಬೈಲಿನ ಮುಂದೆ ಕುಳಿತು ಹಾಡಿದಾಗ ಏನಾಗುತ್ತದೆ, ಯಾವುದು ಆಚೆ ತಲುಪುತ್ತದೆ, ಯಾವುದು ದಾರಿಯಲ್ಲೇ ಉಳಿಯುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಬೆಂಗಳೂರಿನ ದಕ್ಷಿಣದಲ್ಲಿ, ಬನ್ನೇರುಘಟ್ಟ ರಸ್ತೆಯ ಬದಿಯಲ್ಲಿರುವ ನಮ್ಮ ಅರೆಕೆರೆಯಲ್ಲಿ ನಾನು ಕಂಡುದನ್ನೇ ಇದಕ್ಕೆ ಆಧಾರವಾಗಿಟ್ಟುಕೊಂಡಿದ್ದೇನೆ.

ಯಂತ್ರವು ಸಂಗೀತದ ನಡುವೆ ಬಂದುದು ಇದೇ ಮೊದಲಲ್ಲ. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರು ಗ್ರಾಮಫೋನಿಗೆ ಹಾಡಿದಾಗ ಸುಮಾರು ಮೂರು ನಿಮಿಷಗಳೊಳಗೆ ರಾಗವನ್ನು ಅಡಗಿಸಬೇಕಾಗಿತ್ತು. ಇದೇ ಗಾಯಕಿ ಕಡೆಗಾಲದಲ್ಲಿ ಮೈಸೂರಿಗೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ಮೈಸೂರಿನಲ್ಲಿ 1935ರಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಬಾನುಲಿ ನಿಲಯವನ್ನು ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು. ಮುಂದೆ ಅದು ದೇಶದ ಬಾನುಲಿಗೆಲ್ಲ ಬಂದಿತು. 1955ರಲ್ಲಿ ನಿಲಯವು ಬೆಂಗಳೂರಿಗೆ ಬಂದಿತು. ಬಾನುಲಿಯಲ್ಲಿ ಹಾಡುವವರಿಗೆ ಸಭಿಕರ ಮುಖ ಕಾಣದು, ತಲೆದೂಗುವವರು ಎದುರಿಗಿಲ್ಲ. ಗ್ರಾಮಫೋನು ಕಾಲವನ್ನು ಕಿತ್ತುಕೊಂಡಿತು, ಬಾನುಲಿಯು ಕೇಳುಗರನ್ನು ಮರೆಮಾಡಿತು. ಆದರೂ ಎರಡೂ ಹಾಡುವವರನ್ನೂ ಪಕ್ಕವಾದ್ಯದವರನ್ನೂ ಒಂದೇ ಕೋಣೆಯಲ್ಲಿ ಬಿಟ್ಟಿದ್ದವು. ಅಂತರ್ಜಾಲದ ಕಛೇರಿಯಾದರೋ ಅವರಿಬ್ಬರನ್ನೇ ಬೇರೆಬೇರೆ ಮನೆಗಳಲ್ಲಿ ಕೂರಿಸಿತು. ಇದರ ವಿಶೇಷವೂ ತೊಡಕೂ ಇರುವುದು ಇಲ್ಲಿಯೇ.

ತೊಡಕು ಎಂತಹುದೆಂದು ಲೆಕ್ಕದಿಂದಲೇ ನೋಡೋಣ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ. ವೇದಿಕೆಯ ಮೇಲೆ ಮೃದಂಗದವರು ಗಾಯಕರಿಂದ ಒಂದು ಒಂದೂವರೆ ಮೀಟರು ದೂರದಲ್ಲಿರುತ್ತಾರೆ. ಸೆಕೆಂಡಿನ ಸಾವಿರದ ಒಂದು ಭಾಗವನ್ನು ಮಿಲಿಸೆಕೆಂಡು ಎನ್ನುವುದಾದರೆ, ಗಾಯಕರ ದನಿ ಅವರನ್ನು ಮುಟ್ಟಲು ಬೇಕಾದುದು ಮೂರುನಾಲ್ಕು ಮಿಲಿಸೆಕೆಂಡು ಮಾತ್ರ. ಈ ತಡವು ಸುಮಾರು 25–30 ಮಿಲಿಸೆಕೆಂಡು ಮೀರಿದರೆ ಕೂಡಿ ನುಡಿಸುವುದು ಕಷ್ಟವಾಗತೊಡಗುತ್ತದೆ. ಅಂತರ್ಜಾಲದ ಮಾತುಕತೆಯಲ್ಲಿ ಒಂದು ಕಡೆಯ ಪಯಣಕ್ಕೆ 150 ಮಿಲಿಸೆಕೆಂಡು ಹಿಡಿದರೂ ಮಾತಿಗೆ ಬಾಧಕವಿಲ್ಲ. ಆದರೆ ತಾಳಕ್ಕೆ ಅದು ಬಾಧಕ.

ಇಷ್ಟು ತಡವೇಕೆ ಎಂದು ವಾಚಕರು ಕೇಳಬಹುದು. ದೂರವೇ ಇದಕ್ಕೆ ಕಾರಣವಲ್ಲ. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಅರೆಕೆರೆಯಿಂದ ಮೈಸೂರಿಗೆ ಒಂದು ಮಿಲಿಸೆಕೆಂಡೂ ಬೇಡ. ತಡವಾಗುವುದು ಹೊರಡುವಲ್ಲಿ ಮತ್ತು ಇಳಿಯುವಲ್ಲಿ. ಮೊಬೈಲು ದನಿಯನ್ನು ಚೂರುಚೂರಾಗಿ ಕೂಡಿಹಾಕಿ, ಅಂಕೆಗಳಾಗಿಸಿ, ಅಡಕಮಾಡಿ, ಪೊಟ್ಟಣ ಕಟ್ಟಿ ಕಳುಹಿಸುತ್ತದೆ. ಪೊಟ್ಟಣಗಳು ನಡುವೆ ಇನ್ನೊಂದು ಯಂತ್ರವನ್ನು ಹಾದು ಹೋಗುತ್ತವೆ. ಕೆಲವು ಬೇಗ ಬರುತ್ತವೆ, ಕೆಲವು ನಿಧಾನವಾಗಿ ಬರುತ್ತವೆ. ಆದುದರಿಂದ ಕೇಳುವ ಕಡೆಯ ಮೊಬೈಲು ಸ್ವಲ್ಪ ಕಾದು, ಸಾಲಾಗಿ ಜೋಡಿಸಿಕೊಂಡು, ಬಳಿಕ ಬಿಚ್ಚುತ್ತದೆ. ಅಂಚೆಯವನು ಎಷ್ಟೇ ವೇಗವಾಗಿ ಬಂದರೂ ಅಂಚೆಕಛೇರಿಯಲ್ಲಿ ಕಾಗದಗಳನ್ನು ವಿಂಗಡಿಸುವ ಹೊತ್ತು ತಪ್ಪದಲ್ಲ, ಹಾಗೆಯೇ ಇದು.

ಈಗ ಆದಿತಾಳವನ್ನು ತೆಗೆದುಕೊಳ್ಳೋಣ. ಎಂಟು ಅಕ್ಷರಗಳ ಒಂದು ಆವರ್ತ ಆರು ಸೆಕೆಂಡಿನಲ್ಲಿ ಮುಗಿಯುವುದಾದರೆ ಒಂದು ಅಕ್ಷರಕ್ಕೆ 750 ಮಿಲಿಸೆಕೆಂಡು. ದಾರಿಯ ತಡ ಒಂದು ಕಡೆಗೆ 200 ಎಂದಿಟ್ಟುಕೊಳ್ಳಿ. ಗಾಯಕಿ ಸಮದಲ್ಲಿ ಎತ್ತಿದ ಹಾಡು ಮೃದಂಗದವನಿಗೆ 200 ಮಿಲಿಸೆಕೆಂಡು ತಡವಾಗಿ ಕೇಳಿಸುತ್ತದೆ. ಅವನು ಅದಕ್ಕೆ ಸರಿಯಾಗಿಯೇ ನುಡಿಸುತ್ತಾನೆ. ಆ ಪೆಟ್ಟು ಗಾಯಕಿಗೆ ಮರಳಿ ಬರುವಾಗ 400 ಆಗಿರುತ್ತದೆ, ಅಂದರೆ ಅರ್ಧ ಅಕ್ಷರಕ್ಕೂ ಮಿಗಿಲು. ಅವಳ ಕಿವಿಗೆ ಮೃದಂಗ ಹಿಂದೆ ಬಿದ್ದಿದೆ, ಅವನ ಕಿವಿಗೆ ಇಬ್ಬರೂ ಸರಿಯಾಗಿದ್ದಾರೆ. ಅವಳು ಅವನಿಗಾಗಿ ಕಾದರೆ ಅವನು ಇನ್ನೂ ಕಾಯುತ್ತಾನೆ. ಹೀಗೆ ಆವರ್ತ ಆವರ್ತಕ್ಕೂ ಕಾಲ ಇಳಿಯುತ್ತದೆ. ಇದು ಇಬ್ಬರ ತಪ್ಪೂ ಅಲ್ಲ.

ಇನ್ನು ಶ್ರುತಿಯ ವಿಷಯ. ಮಾತಿಗಾಗಿ ಮಾಡಿದ ಈ ಸಾಧನಗಳಲ್ಲಿ ಗದ್ದಲವನ್ನು ಅಳಿಸುವ ಏರ್ಪಾಡಿರುತ್ತದೆ. ಎಡೆಬಿಡದೆ ಒಂದೇ ಸಮನಾಗಿ ಕೇಳುವ ಸದ್ದು ಫ್ಯಾನಿನದಿರಬೇಕೆಂದು ಅದು ಊಹಿಸಿ ಒರಸಿಹಾಕುತ್ತದೆ. ತಂಬೂರಿಯ ಗುಣವೇ ಎಡೆಬಿಡದೆ ಮೀಟುವುದು! ನಮಗೆ ಸಂಗೀತದ ಆಧಾರವಾದುದು ಯಂತ್ರಕ್ಕೆ ಗದ್ದಲ. ಎಳೆಯರು ಷಡ್ಜದ ಮೇಲೆ ಕಾರ್ವೆ ಕೊಟ್ಟು ನಿಂತರೆ ಆ ದನಿಯೂ ಕ್ರಮೇಣ ಕರಗುವುದುಂಟು. ಇಬ್ಬರು ಒಟ್ಟಿಗೆ ಹಾಡಿದರೆ ಒಬ್ಬರ ದನಿಯನ್ನು ಅದುಮಿ ಇನ್ನೊಬ್ಬರದನ್ನು ಕೇಳಿಸುವುದೂ ಉಂಟು. ಕೆಲವು ಸಾಧನಗಳಲ್ಲಿ ಮೂಲದ ದನಿಯನ್ನು ಹಾಗೆಯೇ ಬಿಡುವಂತೆ ಹೇಳುವ ಸೌಕರ್ಯವಿದೆ. ಅದನ್ನು ಮೊದಲೇ ಹುಡುಕಿ ಒತ್ತಿಡಬೇಕು. ಮನೆಯಲ್ಲಿ ತಂಬೂರಿ ಇಲ್ಲದವರಿಗೆ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯಿದೆ. ಅದನ್ನು ರೂಪಿಸಿದವರಲ್ಲಿ ಮೊದಲಿಗರಾದ ಜಿ. ರಾಜ್‌ನಾರಾಯಣ್ ಅವರು ಬೆಂಗಳೂರಿನ ಇಂಜಿನಿಯರು, ಕೊಳಲುವಾದಕರು ಎಂಬುದು ನಮಗೆ ಹೆಮ್ಮೆಯ ಸಂಗತಿ.

ಇಷ್ಟು ತಿಳಿದ ಮೇಲೆ ಅರೆಕೆರೆಯ ಕಥೆ ಸುಲಭವಾಗಿ ಅರ್ಥವಾಗುತ್ತದೆ. ನಮ್ಮ ಬೀದಿಯಲ್ಲಿ ಗಾಯನ ಕಲಿಸುವ ಗುರುಗಳೊಬ್ಬರಿದ್ದಾರೆ. ಅರೆಕೆರೆ, ಹುಳಿಮಾವು, ಬಿಳೇಕಹಳ್ಳಿಗಳ ಮಕ್ಕಳು ಅವರಲ್ಲಿಗೆ ಬರುತ್ತಾರೆ. ನಾನು ಮೃದಂಗದ ವಿದ್ಯಾರ್ಥಿ. ಅವರ ಶಿಷ್ಯರಿಗೆ ನುಡಿಸುತ್ತ ಕೈ ಪಳಗಿಸಿಕೊಂಡವನು. 2021ರಲ್ಲಿ ಎರಡನೆಯ ಅಲೆ ಬಂದು ಮತ್ತೆ ಎಲ್ಲವೂ ಮುಚ್ಚಿದಾಗ, ಮೇ ತಿಂಗಳ ಕೊನೆಯ ಭಾನುವಾರ ಹತ್ತೊಂಬತ್ತು ಮಂದಿ ಶಿಷ್ಯರ ಗಾಯನವನ್ನು ಅಂತರ್ಜಾಲದಲ್ಲಿ ಏರ್ಪಡಿಸಿದರು. ಸಂಜೆ ಆರಕ್ಕೆಂದು ಗೊತ್ತಾಗಿತ್ತು. ಒಬ್ಬ ಹನ್ನೊಂದು ವರ್ಷದ ಹುಡುಗಿಯ ಮನೆಯಲ್ಲಿ ಇದ್ದುದು ಒಂದೇ ಮೊಬೈಲು. ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ತಂದೆ ಅದನ್ನು ಕೊಂಡೊಯ್ದರೆ ಮರಳುವುದು ರಾತ್ರಿ ಎಂಟಕ್ಕೆ. ಅವಳನ್ನು ಬಿಟ್ಟು ನಡೆಸೋಣವೆಂದು ಯಾರೋ ಸೂಚಿಸಿದರು. “ಹತ್ತೊಂಬತ್ತು ಜನಾನೂ ಹಾಡಿದ್ರೇನೇ ಕಛೇರಿ, ಎಂಟೂವರೆಗೆ ಇಟ್ಕೊಳ್ಳೋಣ” ಎಂದರು ಗುರುಗಳು. ಹಾಗೆಯೇ ಆಯಿತು.

ಅವರು ಇಟ್ಟ ಕಟ್ಟಳೆಗಳು ಮೂರು. ಮೊದಲೇ ಮುದ್ರಿಸಿಟ್ಟುದನ್ನು ಯಾರೂ ಕೇಳಿಸಕೂಡದು. ತಪ್ಪಿದರೂ ಸರಿಯೆ, ಆಗಲೇ ಹಾಡಬೇಕು. ಶ್ರುತಿಪೆಟ್ಟಿಗೆ ಹಾಡುವವರ ಪಕ್ಕದಲ್ಲಿಯೇ ಇರಬೇಕು. ತಾಳ ಹಾಕುವ ಕೈ ಎಲ್ಲರಿಗೂ ಕಾಣುವಂತೆ ಮೊಬೈಲನ್ನು ಇಡಬೇಕು. ಅಕ್ಕಿಡಬ್ಬಿಯ ಮೇಲೆ, ಪುಸ್ತಕಗಳ ಅಟ್ಟಿಯ ಮೇಲೆ ಮೊಬೈಲುಗಳು ಏರಿದವು. ಫ್ಯಾನುಗಳು ನಿಂತವು, ಕುಕ್ಕರುಗಳು ಒಲೆಯಿಂದ ಇಳಿದವು. ಆ ಹುಡುಗಿ ಮೋಹನ ರಾಗದ ವರ್ಣವನ್ನು ಎರಡು ಕಾಲಗಳಲ್ಲಿ ಹಾಡಿದಳು. ಎರಡನೆಯ ಕಾಲದಲ್ಲಿಯೂ ಅವಳ ಕೈ ಅಲುಗಲಿಲ್ಲ. ಹಾಸನದ ಕಡೆಯ ಹಳ್ಳಿಯಲ್ಲಿದ್ದ ಅವಳ ಅಜ್ಜಿ ನೆರೆಮನೆಯವರ ಮೊಬೈಲಿನಲ್ಲಿ ಕೇಳಿದರು. ಇನ್ನೊಬ್ಬ ಹುಡುಗನ ಸೋದರಮಾವ ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಎಂಟು ಗಂಟೆಗೆ ಕಾಫಿ ಕುಡಿಯುತ್ತ ಕೇಳಿದರು. ಯಾವ ಸಭಾಂಗಣವೂ ಇವರನ್ನು ಒಟ್ಟಿಗೆ ತಂದಿರಲಾರದು.

ಇಲ್ಲಿ ಆದ ಲಾಭವನ್ನು ಹೇಳಲೇಬೇಕು. ಪಾಠದ ವೇಳೆಯಲ್ಲಿ ಗುರುಗಳು ತಾಳ ಹಾಕಿದರೆ ಮಕ್ಕಳು ಅದಕ್ಕೆ ಜೋತುಬೀಳುತ್ತಾರೆ. ಅಂತರ್ಜಾಲದಲ್ಲಿ ಅದು ಸಾಧ್ಯವಿಲ್ಲದ್ದರಿಂದ ಪ್ರತಿಯೊಬ್ಬರೂ ತಮ್ಮ ತಾಳವನ್ನು ತಾವೇ ಹೊರಬೇಕಾಯಿತು. ಒಬ್ಬರು ಹೇಳಿ ಇನ್ನೊಬ್ಬರು ಒಪ್ಪಿಸುವ ಪಾಠಕ್ರಮಕ್ಕೂ ಈ ಸಾಧನ ಚೆನ್ನಾಗಿಯೇ ಒಗ್ಗುತ್ತದೆ. ಸರದಿಯ ಮೇಲೆ ಹಾಡುವುದಕ್ಕೆ ತಡವು ಅಡ್ಡಿಯಲ್ಲ.

ಆದರೆ ಮೃದಂಗದವರಾದ ನಾವು ಮೂವರು ಆ ರಾತ್ರಿ ಬಹುಮಟ್ಟಿಗೆ ಕೇಳುಗರಾಗಿಯೇ ಉಳಿದೆವು. ಕಛೇರಿಯಾದ ಮೇಲೆ ಒಂದು ಪ್ರಯೋಗ ಮಾಡಿದೆವು. ಆ ಹುಡುಗಿ ವರ್ಣವನ್ನು ಮುದ್ರಿಸಿ ಕಳುಹಿಸಿದಳು. ನಾನು ಅದನ್ನು ಕಿವಿಗಿಟ್ಟುಕೊಂಡು ನುಡಿಸಿದೆ. ಎರಡನ್ನೂ ಜೋಡಿಸಿದಾಗ ಕೇಳಲು ಸೊಗಸಾಗಿಯೇ ಇತ್ತು; ಆ ದಿನಗಳಲ್ಲಿ ಅನೇಕರು ಹೀಗೆಯೇ ಮಾಡಿದರು. ಆದರೆ ಅಲ್ಲಿ ನಾನು ಅವಳನ್ನು ಅನುಸರಿಸಿದ್ದೆ, ಅವಳು ನನ್ನನ್ನು ಕೇಳಿಯೇ ಇರಲಿಲ್ಲ. ಚರಣದಲ್ಲಿ ಒಂದೆಡೆ ಅವಳು ತುಸು ನಿಂತಿದ್ದಳು. ಎದುರಿಗಿದ್ದಿದ್ದರೆ ಆ ಬಿಡುವನ್ನು ನಾನು ಒಂದು ಚಿಕ್ಕ ಮುಕ್ತಾಯದಿಂದ ತುಂಬುತ್ತಿದ್ದೆ, ಅದನ್ನು ಕೇಳಿ ಅವಳು ಮುಂದಿನ ಎತ್ತುಗಡೆಯನ್ನು ಇನ್ನಷ್ಟು ಧೈರ್ಯದಿಂದ ಹಿಡಿಯುತ್ತಿದ್ದಳು. ಪಕ್ಕವಾದ್ಯವೆಂದರೆ ಹಿಂಬಾಲಿಸುವುದಷ್ಟೇ ಅಲ್ಲ, ಮಾತಿಗೆ ಮಾತು ಕೊಡುವುದು. ಆ ಕೊಡುಕೊಳೆಯನ್ನು ಯಾವ ಜೋಡಣೆಯೂ ತರಲಾರದು.

ಇದರ ಪರಿಣಾಮವು ತಿಳಿದುದು 2022ರಲ್ಲಿ, ಮಕ್ಕಳು ಮತ್ತೆ ವೇದಿಕೆಯೇರಿದಾಗ. ಎರಡು ವರ್ಷ ಒಂಟಿಯಾಗಿ ಹಾಡಿ ಅಭ್ಯಾಸವಾದ ಅದೇ ಹುಡುಗಿ, ಮೊಬೈಲಿನ ಮುಂದೆ ಕೈ ಅಲುಗಿಸದವಳು, ಮೃದಂಗದ ಮೊದಲ ಪೆಟ್ಟಿಗೇ ಬೆಚ್ಚಿ ನಿಂತಳು. ಅವಳಿಗೆ ತಾಳ ತಿಳಿಯದೆಂದಲ್ಲ. ತನ್ನ ಹಾಡಿಗೆ ಉತ್ತರವೊಂದು ಬಂದೀತೆಂಬುದು ಅವಳ ಅನುಭವದಲ್ಲಿರಲಿಲ್ಲ. ಅವಳಂತಹವರು ಇನ್ನೂ ನಾಲ್ಕಾರು ಮಂದಿ ಇದ್ದರು. ಗುರುಗಳು ಮರುವಾರದಿಂದಲೇ ಶನಿವಾರ ಅರ್ಧಗಂಟೆ ಮೃದಂಗದೊಡನೆ ಸರಳೆ ವರಸೆಗಳನ್ನೇ ಹಾಡಿಸತೊಡಗಿದರು. ಮೂರು ತಿಂಗಳಲ್ಲಿ ಅಳುಕು ಹೋಯಿತು.

ತಡವನ್ನು ಕಡಮೆಮಾಡುವ ಉಪಾಯಗಳೂ ಇವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಜ್ಯಾಕ್‌ಟ್ರಿಪ್’ ಎಂಬ ಸಾಧನವು ದನಿಯನ್ನು ಅಡಕಮಾಡದೆ ನೇರವಾಗಿ ಸಾಗಿಸುತ್ತದೆ. ತಂತಿಯ ಸಂಪರ್ಕವಿದ್ದು, ಇಬ್ಬರೂ ಒಂದೇ ಊರಿನವರಾದರೆ ಕೂಡಿ ನುಡಿಸಲು ಆದೀತು. ಆದರೆ ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಸುಮಾರು 14,000 ಕಿಲೋಮೀಟರು. ಬೆಳಕೇ ಆ ದಾರಿಗೆ 70 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಯಂತ್ರವನ್ನು ಎಷ್ಟು ತಿದ್ದಿದರೂ ಇದನ್ನು ತಿದ್ದಲಾಗದು.

ಒಟ್ಟಿನಲ್ಲಿ ಹೇಳುವುದಾದರೆ, ಅಂತರ್ಜಾಲದ ಕಛೇರಿಯು ಹಾಡನ್ನು ಸಾಗಿಸಬಲ್ಲುದು, ಮೇಳವನ್ನು ಸಾಗಿಸಲಾರದು. ದೂರದ ಬಂಧುಗಳಿಗೆ ಕೇಳಿಸಲು, ಶ್ರುತಿ ಮತ್ತು ಸ್ವಂತ ಲಯವನ್ನು ಪರೀಕ್ಷಿಸಿಕೊಳ್ಳಲು, ಊರು ಬಿಟ್ಟ ಶಿಷ್ಯರ ಪಾಠ ಮುಂದುವರಿಸಲು ಅದು ಒಳ್ಳೆಯ ಸಾಧನ. ಅಷ್ಟಕ್ಕೆ ಅದನ್ನು ಸಂತೋಷದಿಂದ ಬಳಸೋಣ. ಸೋಂಕಿನ ಕಾಲ ಕಳೆದ ಮೇಲೆಯೂ, ಅನುಕೂಲವೆಂಬ ಒಂದೇ ಕಾರಣಕ್ಕೆ ಮಕ್ಕಳ ಗಾಯನವನ್ನು ಅಲ್ಲಿಯೇ ನಿಲ್ಲಿಸಿದರೆ ಅವರಿಗೆ ಸಲ್ಲಬೇಕಾದ ಅರ್ಧ ಸಂಗೀತ ಸಲ್ಲುವುದಿಲ್ಲ. ನಮ್ಮ ಕಾಲೇಜಿನಲ್ಲಿ ಹಾಡುವವರೂ ಇದ್ದಾರೆ, ವಾದ್ಯ ನುಡಿಸುವವರೂ ಇದ್ದಾರೆ. ವಾರಕ್ಕೊಂದು ಸಂಜೆ ಅವರು ಒಂದು ಕೊಠಡಿಯಲ್ಲಿ, ಒಂದು ಜಮಖಾನದ ಮೇಲೆ ಎದುರುಬದುರಾಗಿ ಕೂಡುವಂತೆ ಅಧ್ಯಾಪಕರು ಅನುವು ಮಾಡಿಕೊಟ್ಟರೆ, ಬೇರೆ ಯಾವ ಉಪಕರಣವೂ ಬೇಕಾಗದು.